ಯುಪಿಎಸ್ ಬ್ಯಾಟರಿ ಬದಲಿಸುವ ಮುಂಚೆ ಆ ಎರಡು ನಟ್ಟು ನೋಡಿ

ಏಪ್ರಿಲ್ ಮಳೆ ಶುರುವಾಯಿತೆಂದರೆ ನಮ್ಮ ಗಿರಿನಗರದ ಬೀದಿಯಲ್ಲಿ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಮೇ ಫ್ಲವರ್ ಮರದ ಕೊಂಬೆಯೊಂದು ತಂತಿ ಮೇಲೆ ಬೀಳುತ್ತದೆ. ಯಾರದೋ ಮನೆಯ ಯುಪಿಎಸ್ ಹತ್ತೇ ನಿಮಿಷಕ್ಕೆ ಕೀಂ ಕೀಂ ಎಂದು ಬಡಿದುಕೊಂಡು ಸುಮ್ಮನಾಗುತ್ತದೆ. ಮಾರನೇ ದಿನ ಆ ಮನೆ ಮುಂದೆ ಹೊಸ ಬ್ಯಾಟರಿ ಹೊತ್ತ ಲಗೇಜ್ ಆಟೊ ನಿಂತಿರುತ್ತದೆ.

ಪಕ್ಕದ ಮನೆಯ ಅಂಕಲ್ ಹೀಗೇ 16 ಸಾವಿರ ಕೊಟ್ಟು ಹೊಸದು ಹಾಕಿಸಿದರು. ಮೂರೇ ತಿಂಗಳಿಗೆ ಮತ್ತೆ ಅದೇ ಕಥೆ. ಹೋಗಿ ನೋಡಿದರೆ ಪಾಸಿಟಿವ್ ಟರ್ಮಿನಲ್ (ವೈರ್ ಬಿಗಿಯುವ ಸೀಸದ ಗೂಟ) ಮೇಲೆ ಹೂಕೋಸಿನ ಹಾಗೆ ಬಿಳಿ-ಹಸಿರು ಪುಡಿ ಕಟ್ಟಿತ್ತು. ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟು ಕಳಿಸಿದ ಹಳೆಯದಕ್ಕೂ ಏನೂ ಆಗಿರಲಿಲ್ಲವೇನೋ. ಅದನ್ನು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಮೊದಲ ಕೆಲಸ, ಬ್ಯಾಟರಿ ನಿಜವಾಗಿ ಸತ್ತಿದೆಯಾ ಎಂದು ನೋಡುವುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ಚಾರ್ಜ್ ಆಗಲಿ. ಬೆಳಿಗ್ಗೆ ಯುಪಿಎಸ್ ಸ್ವಿಚ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೂ ತೆಗೆಯಿರಿ. ನಾಲ್ಕೈದು ಗಂಟೆ ಹಾಗೇ ಬಿಟ್ಟು ವೋಲ್ಟೇಜ್ ಅಳೆಯಿರಿ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸತ್ತ ಬ್ಯಾಟರಿಯೂ ಚೆನ್ನಾಗಿಯೇ ತೋರಿಸುತ್ತದೆ. 12.6ರ ಮೇಲಿದ್ದರೆ ಒಳ್ಳೆಯದು. ಇಡೀ ರಾತ್ರಿ ಚಾರ್ಜ್ ಮಾಡಿಯೂ 12.2ಕ್ಕಿಂತ ಕೆಳಗಿದ್ದರೆ ಅದರ ಆಸೆ ಬಿಡಿ.

ನೀರು ಹಾಕುವ ಬ್ಯಾಟರಿಯಾದರೆ, ಒಳಗಿನ ಆಸಿಡ್ ಎಷ್ಟು ಸಾಂದ್ರವಾಗಿದೆ ಎಂದು ಅಳೆಯುವ ಹೈಡ್ರೋಮೀಟರ್ ಇನ್ನೂ ಖಚಿತವಾಗಿ ಹೇಳುತ್ತದೆ. ಬ್ಯಾಟರಿಯ ಆರು ಸೆಲ್‌ಗಳಲ್ಲೂ (ಒಳಗಿನ ಆರು ಕೋಣೆ) 1.220ರಿಂದ 1.250ರ ಒಳಗಿರಬೇಕು. ಐದರಲ್ಲಿ 1.230 ಇದ್ದು ಒಂದರಲ್ಲಿ ಮಾತ್ರ 1.150 ಇದ್ದರೆ ಆ ಸೆಲ್ ಹೋಗಿದೆ. ಒಂದು ಸೆಲ್ ಹೋದರೆ ಬ್ಯಾಟರಿಯೇ ಹೋದ ಹಾಗೆ.

ಮೂರನೇ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ನನಗೆ ಅದೇ ಮುಖ್ಯ. ಯುಪಿಎಸ್ ಸ್ವಿಚ್ ಮತ್ತೆ ಆನ್ ಮಾಡಿ, ಗೋಡೆಯ ಪ್ಲಗ್ ಮಾತ್ರ ಹಾಕಬೇಡಿ. ಮನೆಯ ಫ್ಯಾನು, ಲೈಟು ಎಲ್ಲಾ ಹಾಕಿ ಬ್ಯಾಟರಿ ಮೇಲೆ ಓಡಿಸಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಟರ್ಮಿನಲ್ ಮೇಲೆ, ಇನ್ನೊಂದನ್ನು ಅದಕ್ಕೇ ಬಿಗಿದ ವೈರಿನ ಲಗ್ (ವೈರಿನ ತುದಿಯ ಲೋಹದ ಬಳೆ) ಮೇಲೆ ಇಡಿ. ಅಲ್ಲಿ ಸೊನ್ನೆ ಬರಬೇಕು, ಅಥವಾ ಸೊನ್ನೆಗೆ ತೀರಾ ಹತ್ತಿರ. 0.2 ವೋಲ್ಟ್ ಬಂದರೂ ತೊಂದರೆ ಇರುವುದು ಜೋಡಣೆಯಲ್ಲಿ. ಆಗ ಅಂಗಡಿಗೆ ಓಡಬೇಡಿ, ಸ್ಪ್ಯಾನರ್ ಹುಡುಕಿ.

ಎಷ್ಟು ದೊಡ್ಡದು ಬೇಕು?

ಲೆಕ್ಕ ಸುಲಭ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ) ಎಂದರೆ 1800 ವ್ಯಾಟ್-ಅವರ್. ಯುಪಿಎಸ್ ಒಳಗೆ ಸ್ವಲ್ಪ ನಷ್ಟ, ಪೂರ್ತಿ ಖಾಲಿ ಮಾಡಬಾರದೆಂದು ಸ್ವಲ್ಪ ಉಳಿಕೆ. 300 ವ್ಯಾಟ್ ಲೋಡಿಗೆ ಮೂರು, ಮೂರೂವರೆ ಗಂಟೆ ಸಿಗುತ್ತದೆ. ಎರಡು ಬೆಡ್‌ರೂಮಿನ ಮನೆಗೆ ಇದು ಧಾರಾಳ. 'ಜಾಸ್ತಿ ಇರಲಿ ಸಾರ್, 220 ಹಾಕಿ' ಎಂದು ಅಂಗಡಿಯವರು ಹೇಳುತ್ತಾರೆ. ಬೇಡ. ನಿಮ್ಮ ಹಳೇ ಯುಪಿಎಸ್‌ನ ಚಾರ್ಜರ್ 10 ಆಂಪಿಯರ್‌ನದ್ದಾದರೆ ಖಾಲಿಯಾದ 150ನ್ನು ತುಂಬಿಸಲೇ ಅದಕ್ಕೆ 15 ಗಂಟೆಗೂ ಜಾಸ್ತಿ ಬೇಕು. 220 ಹಾಕಿದರೆ ಇಡೀ ದಿನ ಸಾಲದು. ದಿನಾ ಗಂಟೆಗಟ್ಟಲೆ ಕರೆಂಟ್ ಹೋಗುವ ತಿಂಗಳಲ್ಲಿ ಅದು ಪೂರ್ತಿ ತುಂಬದೇ ಉಳಿಯಬಹುದು. ಅರ್ಧ ಹೊಟ್ಟೆಯಲ್ಲಿಟ್ಟ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಕಟ್ಟಿ ಬೇಗ ಸಾಯುತ್ತದೆ. ಆ ಹೆಚ್ಚಿನ ದುಡ್ಡಲ್ಲಿ ಕಮ್ಮಿ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಹಳೇ ಫ್ಯಾನ್ 75 ವ್ಯಾಟ್ ತಿಂದರೆ ಇದು 30ರ ಆಸುಪಾಸು.

ಸ್ಟಿಕ್ಕರ್ ಮೇಲೆ 150 ಎಂದಿದ್ದರೆ ಪಕ್ಕದಲ್ಲಿ ಸಿ10 ಇದೆಯೋ ಸಿ20 ಇದೆಯೋ ನೋಡಿ. ಸಿ20 ಎಂದರೆ 20 ಗಂಟೆಯಲ್ಲಿ ನಿಧಾನಕ್ಕೆ ಖಾಲಿ ಮಾಡಿದಾಗ 150 ಸಿಗುತ್ತದೆ. ಸಿ10 ಎಂದರೆ 10 ಗಂಟೆಯಲ್ಲೇ ಅಷ್ಟು ಕೊಡುವ ತಾಕತ್ತು. ಬೆಲೆಯೂ ಜಾಸ್ತಿ. ನಮ್ಮ ಒಂದೆರಡು ಗಂಟೆಯ ಕರೆಂಟ್ ಕಟ್‌ಗೆ ಸಿ20 ಸಾಕು. ಸಿ20 ಕೊಟ್ಟು ಸಿ10 ಬೆಲೆ ತೆಗೆದುಕೊಳ್ಳದಂತೆ ನೋಡಿಕೊಂಡರೆ ಆಯ್ತು.

ನನ್ನ ಆಯ್ಕೆ ಯಾವಾಗಲೂ ಟಾಲ್ ಟ್ಯುಬುಲರ್, ಅಂದರೆ ಕೊಳವೆಯಂಥ ಪಾಸಿಟಿವ್ ತಟ್ಟೆಗಳ ಎತ್ತರದ ಬ್ಯಾಟರಿ. ಆಸಿಡ್ ತುಂಬಿದ 150 ಎಎಚ್ ಬ್ಯಾಟರಿ 50 ಕೆ.ಜಿ.ಗೆ ಕಮ್ಮಿ ಇರಬಾರದು. ಹಗುರ ಎಂದರೆ ಸೀಸ ಕಮ್ಮಿ ಎಂದೇ ಅರ್ಥ. ತಯಾರಾದ ತಿಂಗಳು ನೋಡಿ, ಆರು ತಿಂಗಳು ಗೋಡೌನಿನಲ್ಲಿ ಕೂತಿದ್ದನ್ನು ಮುಟ್ಟಬೇಡಿ. '60 ತಿಂಗಳ ವಾರಂಟಿ' ಎಂದರೆ ಅದರಲ್ಲಿ ಹೊಸದು ಕೊಡುವ ತಿಂಗಳೆಷ್ಟು, ಬರೀ ಡಿಸ್ಕೌಂಟ್ ಕೊಡುವ ತಿಂಗಳೆಷ್ಟು ಕೇಳಿ. ಕಾರಿನ ಬ್ಯಾಟರಿ ಬೇಡವೇ ಬೇಡ. ಅದರ ತೆಳು ತಟ್ಟೆಗಳು ಎಂಜಿನ್ ಸ್ಟಾರ್ಟ್ ಮಾಡಲು ಹುಟ್ಟಿದವು, ಗಂಟೆಗಟ್ಟಲೆ ಫ್ಯಾನ್ ತಿರುಗಿಸಲು ಅಲ್ಲ. ಹೊಸ ಪೇಂಟ್ ಬಳಿದ 'ರೀಕಂಡೀಷನ್' ಮಾಲೂ ಬೇಡ. ಒಳಗೆ ಸುರಿದರೆ ಜೀವ ಬರುತ್ತದೆ ಎಂದು ಮಾರುವ ಪುಡಿಯನ್ನು ನಾನೂ ಒಮ್ಮೆ ಕೊಂಡು ಪೆದ್ದನಾಗಿದ್ದೇನೆ.

ಲಿಥಿಯಂ ಬಗ್ಗೆ ಎಲ್ಲರೂ ಕೇಳುತ್ತಾರೆ. ನೀರು ಹಾಕುವ ಗೋಜಿಲ್ಲ, ಹಗುರ, ಬೇಗ ಚಾರ್ಜ್ ಆಗುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಯುಪಿಎಸ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇರಲೇಬೇಕು. ಹಳೇ ಪೆಟ್ಟಿಗೆಗೆ ಹೊಸ ಲಿಥಿಯಂ ಸಿಕ್ಕಿಸುವ ಸಾಹಸ ಬೇಡ. ಎರಡು ಬ್ಯಾಟರಿಯ 24 ವೋಲ್ಟ್ ಯುಪಿಎಸ್ ಇದ್ದವರು ಎರಡನ್ನೂ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಮುದಿ ಎತ್ತಿನ ಜೊತೆ ಹೋರಿ ಕಟ್ಟಿದ ಹಾಗೆ, ಎರಡೂ ಕೆಡುತ್ತವೆ.

ಈಗ ನಿಜವಾದ ಕೆಲಸ

ಬಿಚ್ಚುವ ಮುಂಚೆ ಮೊಬೈಲಲ್ಲಿ ಫೋಟೋ ತೆಗೆಯಿರಿ. ವೈರಿನ ಬಣ್ಣವನ್ನು ನಂಬಬೇಡಿ. ಎರಡಕ್ಕೂ ಕಪ್ಪು ವೈರ್ ಹಾಕಿ ಹೋದ ಎಲೆಕ್ಟ್ರಿಷಿಯನ್‌ಗಳನ್ನು ಕಂಡಿದ್ದೇನೆ. ಪಾಸಿಟಿವ್‌ಗೆ ಕೆಂಪು ಟೇಪ್ ಸುತ್ತಿ. ಉಲ್ಟಾ ಕೊಟ್ಟರೆ ಅದೃಷ್ಟವಿದ್ದರೆ ಫ್ಯೂಸ್ ಹೋಗುತ್ತದೆ, ಇಲ್ಲದಿದ್ದರೆ ಢಂ ಎಂದು ಒಳಗಿನ ಬೋರ್ಡೇ ಹೋಗುತ್ತದೆ.

ಕೈಯ ಉಂಗುರ, ಬಳೆ, ಕತ್ತಿನ ಸರ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ತುದಿ ಮಾತ್ರ ಬಿಡಿ. ಬರೀ 12 ವೋಲ್ಟ್ ತಾನೇ ಎನ್ನಬೇಡಿ. ಸ್ಪ್ಯಾನರ್ ಎರಡೂ ಟರ್ಮಿನಲ್‌ಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಕಿಟಕಿ ತೆರೆಯಿರಿ, ಹತ್ತಿರ ಊದುಬತ್ತಿ, ದೀಪ ಇರಬಾರದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ದೇವರ ಮನೆ ಮೂಲೆಯಲ್ಲಿ ಬ್ಯಾಟರಿ ಇಟ್ಟವರಿಗೆ ಇದನ್ನು ಎರಡು ಸಲ ಹೇಳಬೇಕು.

ಯುಪಿಎಸ್ ಆಫ್, ಪ್ಲಗ್ ಹೊರಗೆ. ಬಿಚ್ಚುವಾಗ ನೆಗೆಟಿವ್ ಮೊದಲು. ಕಟ್ಟುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೊನೆಯದನ್ನು ತಾಗಿಸಿದಾಗ ಒಂದು ಚಿಕ್ಕ 'ಚಟ್' ಕಿಡಿ ಬರಬಹುದು. ಅದು ಯುಪಿಎಸ್ ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವುದು, ಹೆದರಬೇಡಿ. ಕಿಡಿ ನಿಲ್ಲದೆ ಬರುತ್ತಿದ್ದರೆ ಮಾತ್ರ ಏನೋ ತಪ್ಪಾಗಿದೆ, ವೈರ್ ತೆಗೆದುಬಿಡಿ.

ಹಳೇ ಲಗ್‌ಗಳನ್ನು ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾದಿಂದ ತೊಳೆಯಿರಿ. ನೊರೆ ಬರುವುದು ನಿಂತರೆ ಆಸಿಡ್ ಹೋಯಿತೆಂದು ಲೆಕ್ಕ. ಒರೆಸಿ, ಮರಳು ಕಾಗದದಲ್ಲಿ ತಾಮ್ರ ಹೊಳೆಯುವಷ್ಟು ಉಜ್ಜಿ. ಸೋಡಾ ನೀರು ಬ್ಯಾಟರಿ ಒಳಗೆ ಒಂದು ಹನಿಯೂ ಬೀಳಬಾರದು.

ಲಗ್ ಕಿತ್ತುಹೋಗಿದ್ದರೆ ವೈರಿನ ಎಳೆಗಳನ್ನು ಬೋಲ್ಟಿಗೆ ಸುತ್ತಿ ಬಿಗಿಯಬೇಡಿ. ಹೊಸ ಲಗ್ ಕ್ರಿಂಪ್ ಮಾಡಿಸಿ, ಅಂದರೆ ಅದಕ್ಕೆಂದೇ ಇರುವ ಇಕ್ಕಳದಲ್ಲಿ ವೈರಿಗೆ ಒತ್ತಿ ಕೂರಿಸಿ. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡುವುದು ಕ್ರಿಂಪ್ ಅಲ್ಲ. ಯಾಕೆ ಇಷ್ಟು ರಗಳೆ ಎಂದರೆ, 800 ವ್ಯಾಟ್ ಲೋಡಿಗೆ 12 ವೋಲ್ಟ್ ಕಡೆ 70 ಆಂಪಿಯರ್ ಹತ್ತಿರ ಹರಿಯುತ್ತದೆ. ಜೋಡಣೆಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ಅಡ್ಡಿ ಇದ್ದರೂ 0.7 ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ, 49 ವ್ಯಾಟ್ ಬಿಸಿ ಹುಟ್ಟುತ್ತದೆ. ಟರ್ಮಿನಲ್ ಮೇಲೆ ಒಂದು ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಬ್ಯಾಟರಿಯಲ್ಲಿ ಇನ್ನೂ ಕಸುವಿದ್ದರೂ ಯುಪಿಎಸ್‌ಗೆ ಅದು ಖಾಲಿ ಕಾಣುತ್ತದೆ, ಕೀಂ ಎನ್ನುತ್ತದೆ. ಅಂಕಲ್ ಮನೆಯಲ್ಲಿ ಆಗಿದ್ದು ಇದೇ.

ಜೋಡಿಸುವ ಕ್ರಮವನ್ನು ನಮ್ಮ ಭಾವನಿಗೆ ಮೂರು ಸಲ ಹೇಳಿಕೊಟ್ಟಿದ್ದೇನೆ, ಮೂರು ಸಲವೂ ತಪ್ಪು ಮಾಡಿದ್ದಾರೆ. ಮೊದಲು ಸೀಸದ ಟರ್ಮಿನಲ್. ಅದಕ್ಕೆ ನೇರವಾಗಿ ಅಂಟಿಕೊಂಡು ಲಗ್. ಅದರ ಮೇಲೆ ಚಪ್ಪಟೆ ವಾಷರ್, ಆಮೇಲೆ ಸ್ಪ್ರಿಂಗ್ ವಾಷರ್, ಕೊನೆಗೆ ನಟ್ಟು. ಲಗ್‌ಗೂ ಸೀಸಕ್ಕೂ ನಡುವೆ ಏನೂ ಬರಬಾರದು. ಭಾವ ಪ್ರತಿ ಸಲ ಸ್ಟೀಲ್ ವಾಷರನ್ನು ಅಲ್ಲೇ ತುರುಕುತ್ತಾರೆ. ನಟ್ಟನ್ನು ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ, ತೋಳಿನ ಬಲ ಬೇಡ. ಸೀಸ ಮೆತ್ತಗಿನ ಲೋಹ, ಕಿತ್ತುಬರುತ್ತದೆ. ಬಿಗಿದ ಮೇಲೆ ಲಗ್ ಹಿಡಿದು ಅಲುಗಾಡಿಸಿ, ಅಲುಗಬಾರದು. ವ್ಯಾಸಲೀನ್ ಹಚ್ಚುವುದು ಬಿಗಿದ ನಂತರ, ಮೇಲಿಂದ ತೆಳ್ಳಗೆ. ಮೊದಲೇ ಮೆತ್ತಿ ಆಮೇಲೆ ಬಿಗಿಯುವುದು ಬೇಡ. ಒಂದು ವಾರ ಬಿಟ್ಟು, ಯುಪಿಎಸ್ ಆಫ್ ಮಾಡಿ, ಇನ್ನೊಮ್ಮೆ ಬಿಗಿ ನೋಡಿ. ಸೀಸ ಸ್ವಲ್ಪ ಕೂತಿರುತ್ತದೆ.

ವೈರ್ ಸಾಲದಿದ್ದರೆ ತುಂಡು ಸೇರಿಸಿ ಟೇಪ್ ಸುತ್ತಬೇಡಿ. ಯುಪಿಎಸ್ಸನ್ನೇ ಹತ್ತಿರ ತನ್ನಿ.

ಉಳಿದದ್ದು ಸಲೀಸು. ಯುಪಿಎಸ್ ಹಿಂದೆ ಬ್ಯಾಟರಿ ಬಗೆಯ ಸ್ವಿಚ್ ಇದ್ದರೆ ಟ್ಯುಬುಲರ್‌ಗೆ ಇಡಿ. ಮೊದಲ ಸಲ 12 ಗಂಟೆ ಚಾರ್ಜ್ ಮಾಡಿ, ಆಮೇಲೆ ಬಳಸಿ. ಡಿಸ್ಟಿಲ್ಡ್ ವಾಟರನ್ನು ಹಸಿರು ಗುರುತಿನವರೆಗೆ ಮಾತ್ರ ಹಾಕಿ. ಬೋರ್‌ವೆಲ್ ನೀರು, ಕಾವೇರಿ ನೀರು, ಕಾಯಿನ್ ಹಾಕಿ ಕ್ಯಾನಿನಲ್ಲಿ ತರುವ ನೀರು ಯಾವುದೂ ಆಗದು. ಕುಡಿಯುವುದಕ್ಕೆ ಶುದ್ಧವಾದದ್ದು ಬ್ಯಾಟರಿಗೆ ಶುದ್ಧವಲ್ಲ. ಆಸಿಡ್ ಅಂತೂ ಯಾವತ್ತೂ ಸೇರಿಸಬೇಡಿ.

ಹಳೇ ಬ್ಯಾಟರಿಯನ್ನು ಹೊಸದು ಕೊಂಡ ಅಂಗಡಿಗೇ ಕೊಡಿ, ತೂಕಕ್ಕೆ ತಕ್ಕ ಬೆಲೆ ಬಿಲ್ಲಿನಲ್ಲಿ ಕಳೆಸಿ. ಹಳೇ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ಹಾಕಿದೆ. ಭಾರ ಕಮ್ಮಿಯಾಗಲಿ ಎಂದು ಆಸಿಡ್ಡನ್ನು ಮೋರಿಗೆ ಸುರಿದು ಒಯ್ಯುವ ಗುಜರಿಯವರಿಗೆ ಮಾತ್ರ ಕೊಡಬೇಡಿ.

ಬೇಸಿಗೆ ರಜೆಗೆ ಊರಿಗೆ ಹೊರಟಿರಾ? ಮೇನ್ ಆಫ್ ಮಾಡಿ ಹೋಗುವ ಅಭ್ಯಾಸ ಇದ್ದರೆ ಯುಪಿಎಸ್‌ನ ಲೈನ್ ಮಾತ್ರ ಬಿಡಿ, ಚಾರ್ಜ್ ಆಗುತ್ತಿರಲಿ. ಹೋಗುವ ಮುಂಚೆ ಒಂದು ಸಲ, ಬಂದ ದಿನ ಒಂದು ಸಲ ನೀರು ನೋಡಿ.