ಮೋಟಾರಿಲ್ಲದೆ ಹತ್ತು ಜೆಟ್ಟು

ನಮ್ಮ ಅಡಿಕೆ ತೋಟದಲ್ಲಿ ಈಗ ಹತ್ತು ಜೆಟ್ಟು, ಅಂದರೆ ತಿರುಗುತ್ತಾ ನೀರು ಚಿಮ್ಮಿಸುವ ಸ್ಪ್ರಿಂಕ್ಲರು, ಒಟ್ಟಿಗೆ ತಿರುಗುತ್ತವೆ. ಮೋಟಾರಿಲ್ಲ, ಕರೆಂಟಿಲ್ಲ. ಬೆಟ್ಟದಲ್ಲಿ ಅಬ್ಬಿ (ಝರಿ) ನೀರು, ಅಲ್ಲೇ ಒಂದು ಟ್ಯಾಂಕು, ಅಲ್ಲಿಂದ ತೋಟಕ್ಕೆ ಸುಮಾರು 400 ಮೀಟರ್ ಕರಿ ಪೈಪು. "ಪ್ರೆಶರ್ ಬೇಕಾದರೆ ಪೈಪು ಸಣ್ಣದಿರಬೇಕು, ಎರಡಿಂಚು ಪೈಪಲ್ಲಿ ಎಲ್ಲಿಂದ ಬರಬೇಕು ಭಾವ?" ಎಂದು ನಕ್ಕವರೇ ಈಗ ಬಂದು ಪ್ರೆಶರ್ ಗೇಜು ಇಣುಕಿ ಹೋಗುತ್ತಾರೆ.

ಮೊದಲು ಇದ್ದದ್ದು ಒಂದಿಂಚು. ಸುಮಾರು 15,000 ರೂಪಾಯಿ ತಿಂದಿತ್ತು. ಒಂದು ಜೆಟ್ಟು ಹಾಕಿದರೆ ಟಕಟಕ ಎಂದು ಚೆನ್ನಾಗಿಯೇ ತಿರುಗುತ್ತಿತ್ತು. ಎರಡಕ್ಕೂ ಅಡ್ಡಿಯಿಲ್ಲ. ನಾಲ್ಕಾದರೆ ತಿರುಗಲು ಮೀನಮೇಷ ಎಣಿಸುತ್ತಿದ್ದವು. ಹತ್ತೂ ತೆರೆದರೆ ನೀರು ಜೆಟ್ಟಿನ ಬುಡಕ್ಕೇ ಸುರಿಯುತ್ತಿತ್ತು. ಅಂಗಡಿಯವರು ಹೇಳಿದ್ದು, "ಕೊನೆಯ 100 ಮೀಟರ್ ಮುಕ್ಕಾಲಿಂಚು ಮಾಡಿ, ಪ್ರೆಶರ್ ಏರುತ್ತೆ." ಮಾಡಿಸಿದೆ. ನಾಲ್ಕು ಜೆಟ್ಟಿಗೆ 0.8 ಕೆಜಿ (ಒಂದು ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ) ತೋರಿಸುತ್ತಿದ್ದ ಗೇಜು ಅರ್ಧ ಕೆಜಿಗೆ ಬಂತು. ಇನ್ನೊಬ್ಬರು ಬೂಸ್ಟರ್ ಪಂಪು ಕೂರಿಸಿ ಎಂದರು. ಕರೆಂಟಿನ ಕಾಟ ಬೇಡವೆಂದೇ ಬೆಟ್ಟ ಹತ್ತಿದವನಿಗೆ ಪಂಪಂತೆ!

ಗೇಜಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನದು ಇದಕ್ಕೆ ಆಗುವುದಿಲ್ಲ. ಅದರಲ್ಲಿ 2 ಕೆಜಿಗೆ ಮುಳ್ಳು ಅಲ್ಲಾಡಿದ್ದೂ ಗೊತ್ತಾಗಲ್ಲ. ನಾಲ್ಕು ಕೆಜಿವರೆಗಿನ ಗೇಜು ತನ್ನಿ, 300–400 ರೂಪಾಯಿ. ಕೆಳಗಿನ ವಾಲ್ ಪೂರ್ತಿ ಮುಚ್ಚಿ, ಪೈಪು ತುಂಬಿಸಿ ನೋಡಿದರೆ ಟ್ಯಾಂಕು ಎಷ್ಟು ಎತ್ತರದಲ್ಲಿದೆ ಎಂದೂ ಸಿಗುತ್ತದೆ. ಹತ್ತು ಮೀಟರಿಗೆ ಹತ್ತಿರ ಹತ್ತಿರ ಒಂದು ಕೆಜಿ. ನಮ್ಮದು 2.8, ಅಂದರೆ 28 ಮೀಟರ್. ಒಂದಿಂಚಿಗೂ ಇಷ್ಟೇ, ಮುಕ್ಕಾಲಿಂಚು ಸೇರಿಸಿದಾಗಲೂ ಇಷ್ಟೇ, ಎರಡಿಂಚಿಗೂ ಇಷ್ಟೇ. ನಕ್ಕವರಿಗೆಲ್ಲ ನಾನು ಮೊದಲು ತೋರಿಸುವುದು ಈ ಮುಳ್ಳನ್ನೇ. ಪ್ರೆಶರ್ ಕೊಡುವುದು ಎತ್ತರ. ನೀರು ಓಡಲು ಶುರುವಾದ ಮೇಲೆ ಅದನ್ನು ತಿನ್ನುವುದು ಪೈಪು. ಅದೇ ನೀರಿಗೆ ಪೈಪಿನ ಅಗಲ ಅರ್ಧವಾದರೆ ಉಜ್ಜಾಟದ ನಷ್ಟ ಎರಡಲ್ಲ, ನಾಲ್ಕಲ್ಲ, ಸುಮಾರು ಮೂವತ್ತು ಪಟ್ಟು. ಸಣ್ಣ ತೂತು ಬೇಕಿರುವುದು ಜೆಟ್ಟಿನ ಬಾಯಲ್ಲಿ ಮಾತ್ರ, ದಾರಿಯುದ್ದಕ್ಕೂ ಅಲ್ಲ.

ಹಾಗಾದರೆ ಹೋಸ್ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಹಾರುತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅದನ್ನೂ ನೋಡಿದ್ದೇನೆ. ಉದ್ದ ಹೋಸಿನಲ್ಲಿ ಬೆರಳಿಟ್ಟಾಗ ಬಕೆಟ್ ತುಂಬಲು ಜಾಸ್ತಿ ಹೊತ್ತು ಬೇಕು. ಓಡುವ ನೀರು ಕಡಿಮೆ, ದಾರಿಯ ನಷ್ಟ ಕಡಿಮೆ, ಉಳಿದ ಪ್ರೆಶರ್ ಬೆರಳಿಗೆ ಸಿಗುತ್ತದೆ. ಟ್ಯಾಂಕಿನ ಬುಡಕ್ಕೇ ಒಂದು ಮೊಳದ ದಪ್ಪ ಪೈಪು ಹಾಕಿ ಅರ್ಧ ಬಾಯಿ ಮುಚ್ಚಿ ನೋಡಿ, ನೀರು ಬೀಳುವ ಜಾಗ ಹೆಚ್ಚುಕಮ್ಮಿ ಅದೇ. ಮನೆಯವಳು "ತೋಟದ ಕೆಲಸ ಬಿಟ್ಟು ಸುಮ್ನೆ ನೀರಾಟ" ಎಂದಳು. ಇರಲಿ.

ಎರಡಿಂಚಿಗೆ ಬಿದ್ದ ಖರ್ಚು 45,000ದ ಆಸುಪಾಸು. ಮೇಲಿನ ಅರ್ಧಕ್ಕೆ 4 ಕೆಜಿ ಪ್ರೆಶರ್ ತಡೆಯುವ ಪೈಪು, ಕೆಳಗಿನ ಅರ್ಧಕ್ಕೆ 6 ಕೆಜಿಯದು. ಪೂರ್ತಿ 6 ಹಾಕಿದ್ದರೆ ಇನ್ನೂ ಐದಾರು ಸಾವಿರ ಜಾಸ್ತಿ ಆಗುತ್ತಿತ್ತು. ಈಗ ಹತ್ತೂ ಜೆಟ್ಟು ತಿರುಗುವಾಗ ಗೇಜಿನಲ್ಲಿ ಹತ್ತಿರ 2 ಕೆಜಿ ಇರುತ್ತದೆ. ನಿಮಿಷಕ್ಕೆ ಸುಮಾರು 120 ಲೀಟರ್.

ಅಬ್ಬಿಯಲ್ಲಿ ಬೇಸಿಗೆಗೆ ನಿಮಿಷಕ್ಕೆ ಇಪ್ಪತ್ತು ಲೀಟರ್ ಬಂದರೆ ಪುಣ್ಯ. ಅದಕ್ಕೇ 15,000 ಲೀಟರಿನ ಟ್ಯಾಂಕು. ಬೆಳಿಗ್ಗೆ ಎರಡು-ಎರಡೂವರೆ ತಾಸು ಬಿಟ್ಟರೆ ಖಾಲಿ, ಸಂಜೆಯೊಳಗೆ ಮತ್ತೆ ಮುಕ್ಕಾಲು ಭಾಗ ತುಂಬಿರುತ್ತದೆ.

ಕಾಡಿದ್ದು ಗಾಳಿ. ಪೈಪು ಒಂದು ದಿಬ್ಬ ಹತ್ತಿ ಇಳಿಯುತ್ತದೆ, ಅದರ ನೆತ್ತಿಯಲ್ಲಿ ಏರ್ ಹಿಡಿದರೆ ಕೆಳಗೆ ನೀರು ಉಗುಳುತ್ತಾ ಬರುತ್ತದೆ. ಅಲ್ಲೊಂದು ಮೂರು ಬಾಯಿಯ 'T' ಜಾಯಿಂಟು ಹಾಕಿ ಸಣ್ಣ ವಾಲ್ ಇಟ್ಟಿದ್ದೆ. ದಿನಾ ಹತ್ತಿ ಬಿಡಿಸುವುದು ಯಾರು? ಈಗ ಅದು ತಾನಾಗೇ ಬಿಡುತ್ತದೆ, ಐವತ್ತು ರೂಪಾಯಿಯೂ ಖರ್ಚಿಲ್ಲ. ಹೇಗೆ ಎಂದು ಬರೆಯುವುದಿಲ್ಲ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಕೆಳಗೆ ಒಂದೇ ತಿರುವಿಗೆ ಮುಚ್ಚುವ ಬಾಲ್ ವಾಲ್ ಬೇಡ, ಸುತ್ತಿ ಸುತ್ತಿ ನಿಧಾನಕ್ಕೆ ಮುಚ್ಚುವ ಗೇಟ್ ವಾಲ್ ಹಾಕಿ. ಆ ಪೈಪಿನೊಳಗೆ ಮುಕ್ಕಾಲು ಟನ್ನಿಗೂ ಮಿಕ್ಕಿ ನೀರು ಓಡುತ್ತಿರುತ್ತದೆ. ಫಟ್ಟನೆ ಮುಚ್ಚಿದರೆ ಮುಳ್ಳು ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ನಮ್ಮಲ್ಲಿ ಪೈಪು ಜೋಡಿಸುವ ಒಂದು ಕಪ್ಲರ್ ಹಾಗೇ ಕಿತ್ತು ಹಾರಿತು. ತೆಗೆದ ಒಂದಿಂಚು ಪೈಪು ಸುತ್ತಿ ಕೊಟ್ಟಿಗೆಯಲ್ಲಿಟ್ಟಿದ್ದೇನೆ. ಗುಜರಿಯವನು ಬಂದು ಕೇಳಿದ, ಕೊಟ್ಟಿಲ್ಲ. ಮನೆಯ ನಲ್ಲಿಗಳಿಗೆ ಅದು ಧಾರಾಳ ಸಾಕು.