ಚೆನ್ನಾಗಿರುವಾಗಲೇ ಆಡಿಟ್ಟುಕೊಂಡ ಮಾತುಗಳು

ನನಗೆ ಬೈಪೋಲಾರ್ ಕಾಯಿಲೆ ಇದೆ, ಮನಸ್ಸು ಕೆಲವು ಕಾಲ ವಿಪರೀತ ಏರುವ, ಕೆಲವು ಕಾಲ ಪೂರ್ತಿ ಕುಸಿಯುವ ಕಾಯಿಲೆ. ಇಷ್ಟನ್ನು ಹೇಳಲು ಈಗ ಕಷ್ಟವಿಲ್ಲ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಹೇಳಿದ ಮೇಲೆ ಅವರಿಂದ ಏನು ಕೆಲಸ ಆಗಬೇಕು ಅನ್ನುವುದನ್ನು ಕಲಿಯಲು ಮಾತ್ರ ವರ್ಷಗಳು ಹಿಡಿದವು. ಶಿವಮೊಗ್ಗದ ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಗಂಡ, ಅತ್ತೆ. ತವರು ತೀರ್ಥಹಳ್ಳಿ ಕಡೆ. ಇವರೆಲ್ಲರ ಹತ್ತಿರ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದೇನೆ. ಅವುಗಳಲ್ಲಿ ಕಣ್ಣೀರಿನ ಮಾತು ಕಡಿಮೆ. ಮಾತ್ರೆ, ನೀರು, ಉಪ್ಪು, ನಿದ್ದೆ, ಎಟಿಎಂ ಕಾರ್ಡಿನ ಮಾತೇ ಹೆಚ್ಚು.

ಡಿಗ್ರಿಯ ಕೊನೆಯ ವರ್ಷದಲ್ಲಿ ಮೊದಲ ಸಲ ಬಂತು. ರಾತ್ರಿ ಎರಡು ಮೂರು ಗಂಟೆ ಮಲಗಿದರೂ ಆಯಾಸವಿಲ್ಲ, ಮಾತು ನಿಲ್ಲುವುದಿಲ್ಲ. ಸಾಲ ಮಾಡಿ ಹಾಸ್ಟೆಲಿನ ಗೆಳತಿಯರಿಗೆಲ್ಲ ಬಟ್ಟೆ ತಂದುಕೊಟ್ಟೆ. ನನ್ನಿಂದ ಆಗದ್ದು ಯಾವುದೂ ಇಲ್ಲ ಅನ್ನಿಸುತ್ತಿತ್ತು. ಡಾಕ್ಟರು ಇದನ್ನು ಮೇನಿಯಾ ಅಂದರು. ನಮ್ಮ ಮನೆಯಲ್ಲಿ ಅದಕ್ಕೆ ‘ಏರು’ ಅನ್ನುತ್ತೇವೆ. ಹಿಂದೆಯೇ ಬಂದ ‘ಇಳಿತ’ದಲ್ಲಿ ಹಲ್ಲುಜ್ಜಲೂ ಏಳಲಾಗದೆ, ಗೋಡೆ ಕಡೆ ಮುಖ ಮಾಡಿ ತಿಂಗಳುಗಟ್ಟಲೆ ಮಲಗಿದ್ದೆ. ದೊಡ್ಡಮ್ಮ ಬಂದು ‘ಮನಸ್ಸು ಗಟ್ಟಿ ಮಾಡ್ಕೋ ಮಗಾ’ ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಹಿಡಿದುಕೊಂಡು ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ತಿಳಿಯುವುದಿಲ್ಲ.

ಕೆಲಸಕ್ಕೆ ಬರುವ ಮಾತನ್ನು ಮೊದಲು ಆಡಿದವಳು ಅಕ್ಕ. ಮಂಚದ ಮೇಲೆ ಕೂತು ನೇರವಾಗಿ ಕೇಳಿದಳು: ‘ಸಾಯೋ ಯೋಚನೆ ಬರ್ತಿದೆಯೇನೇ?’ ಅಡುಗೆಮನೆಯಿಂದ ಅಮ್ಮ ಓಡಿ ಬಂದು, ‘ಬಿಡ್ತು ಅನ್ನು! ಅಂಥದ್ದನ್ನೆಲ್ಲ ಬಾಯಲ್ಲಿ ಯಾಕೆ ತರ್ತೀಯ?’ ಅಂತ ಗದರಿದಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗುತ್ತದೆ ಎಂಬ ಭಯ ಬಹಳ ಜನಕ್ಕಿದೆ. ಮನೋವೈದ್ಯರು ಹೇಳುವುದು ಬೇರೆ: ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ನನ್ನ ಮಟ್ಟಿಗೆ ಹಾಗೇ ಆಯಿತು. ‘ಹೂಂ’ ಅಂದೆ. ಅಕ್ಕ ಉಪದೇಶಕ್ಕೆ ಕೂರಲಿಲ್ಲ. ಮಾತ್ರೆಯ ಡಬ್ಬವನ್ನು ತನ್ನ ಬೀರುವಿಗೆ ಸೇರಿಸಿದಳು, ರಾತ್ರಿ ನನ್ನ ಕೋಣೆಯಲ್ಲೇ ಹಾಸಿಗೆ ಹಾಸಿಕೊಂಡಳು, ಮುಂದಿನ ವಾರಕ್ಕಿದ್ದ ತಪಾಸಣೆಯನ್ನು ಡಾಕ್ಟರಿಗೆ ಹೇಳಿ ಮರುದಿನಕ್ಕೇ ಮಾಡಿಸಿಕೊಂಡಳು. ಹಾಗೆ ಕೇಳುವ ಅಕ್ಕ ಎಲ್ಲರಿಗೂ ಇರುವುದಿಲ್ಲ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮದುವೆಯ ಮಾತು ಬಂದಾಗ ಅಪ್ಪನದು ಒಂದೇ ವಾದ: ಈಗ ಹೇಳುವುದು ಬೇಡ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು. ‘ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ’ ಅನ್ನುವ ನೆಂಟರೂ ಇದ್ದರು. ನಾನು ಲೆಕ್ಕದವಳು, ಲೆಕ್ಕ ಹಾಕಿಯೇ ಮುಚ್ಚಿಡುವುದು ಬೇಡ ಅಂದೆ. ಮದುವೆ ವಾರದಲ್ಲಿ ನಿದ್ದೆ ಕೆಡುತ್ತದೆ. ಕದ್ದು ಮಾತ್ರೆ ನುಂಗಬೇಕಾದ ಹೊಸ ಮನೆಯಲ್ಲಿ ಮಾತ್ರೆಯೂ ತಪ್ಪುತ್ತದೆ. ಏರು ಬರಲು ಇದಕ್ಕಿಂತ ಇನ್ನೇನು ಬೇಕು? ಜಾತಕ ಕೂಡಿದ ಮೇಲೆ, ನೋಡಲು ಬರುವ ಮೊದಲು, ಹುಡುಗನ ಹತ್ತಿರ ಫೋನಿನಲ್ಲಿ ನಾನೇ ಮಾತಾಡುವುದು ಅಂತ ಮಾಡಿಕೊಂಡೆವು. ಸುಮ್ಮನೆ ಉಪ್ಪಿಟ್ಟು ಕೇಸರಿಬಾತು ದಂಡವಾಗಬಾರದಲ್ಲ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಹೆಚ್ಚಾದಾಗ ನಾನು ಹೇಗಿರುತ್ತೇನೆ, ಮತ್ತೆ ಬರಬಹುದು ಅನ್ನುವುದು, ಇಷ್ಟನ್ನು ಹೇಳಿ ನಿಲ್ಲಿಸುತ್ತಿದ್ದೆ. ಕೆಲವರಿಗೆ ಕೂಡಿದ್ದ ಜಾತಕ ಮರುದಿನ ಕೂಡದೆ ಹೋಯಿತು. ಈಗ ನನ್ನ ಗಂಡನಾಗಿರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಕ್ಕಳಿಗೆ ಬರುತ್ತಾ?’ ಅಂದರು. ಬೇರೆಯವರ ಮಕ್ಕಳಿಗಿಂತ ಸಾಧ್ಯತೆ ಹೆಚ್ಚು, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಹತ್ತರಲ್ಲಿ ಒಂದರ ಆಸುಪಾಸು ಅಂತ ಡಾಕ್ಟರು ಹೇಳಿದ್ದನ್ನು ಹಾಗೇ ಹೇಳಿದೆ. ‘ನಿಮ್ಮ ಡಾಕ್ಟರ ಹತ್ತಿರ ನಾನೂ ಒಂದ್ಸಲ ಬರಬಹುದಾ?’ ಅಂದರು. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು.

ಅತ್ತೆಯ ಹತ್ತಿರದ ಮಾತು ಉಪವಾಸದಿಂದ ಶುರುವಾಯಿತು. ನಾನು ತೆಗೆದುಕೊಳ್ಳುವುದು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಇದು ಮೇನಿಯಾಕ್ಕೆ ಆಗುತ್ತದೆ ಅಂತ ವರದಿ ಮಾಡಿದರು. ಅಷ್ಟು ಹಳೆಯದಾದರೂ ಇವತ್ತಿಗೂ ಮುಖ್ಯವಾದ ಔಷಧಿ. ವ್ಯಾಲ್‌ಪ್ರೋಯೇಟ್ ಅಂತ ಇನ್ನೊಂದಿದೆ. ಅದು ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೂ ಮೆದುಳಿಗೂ ತೊಂದರೆ ಮಾಡಬಹುದಾದ್ದರಿಂದ ಹೆರುವ ವಯಸ್ಸಿನ ಹೆಂಗಸರಿಗೆ ಸಾಧ್ಯವಾದಷ್ಟೂ ಕೊಡುವುದಿಲ್ಲ. ಲಿಥಿಯಮ್ಮಿನ ತೊಡಕು ಬೇರೆ: ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು. ಕಡಿಮೆಯಾದರೆ ಪ್ರಯೋಜನವಿಲ್ಲ, 1.5 ದಾಟಿದರೆ ವಿಷ. ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿ, ಹನ್ನೆರಡು ಗಂಟೆ ಕಳೆದು ಬೆಳಗ್ಗೆ ಒಂಬತ್ತಕ್ಕೆ ಲ್ಯಾಬಿನಲ್ಲಿ ರಕ್ತ ಕೊಡುತ್ತೇನೆ. ಆರು ತಿಂಗಳಿಗೊಮ್ಮೆ ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಸೇರುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗುವಂತಿಲ್ಲ, ಮಟ್ಟ ಏರುತ್ತದೆ.

ಲಿಥಿಯಮ್ಮೂ ಒಂದು ಲವಣವೇ. ಕಿಡ್ನಿ ಅದನ್ನು ಉಪ್ಪಿನ ಸೋಡಿಯಂ ಜೊತೆಗೇ ಸೇರಿಸಿ ನೋಡುತ್ತದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾಯಿತೋ, ಸೋಡಿಯಮ್ಮನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ, ಜೊತೆಗೆ ಲಿಥಿಯಮ್ಮೂ ಉಳಿದುಬಿಡುತ್ತದೆ. ಕೈ ನಡುಗುವುದು, ವಾಂತಿ, ತೊದಲು ಎಲ್ಲ ಅಲ್ಲಿಂದಲೇ. ಏಕಾದಶಿಗೆ ನೀರೂ ಮುಟ್ಟದ, ಶನಿವಾರ ಉಪ್ಪು ಬಿಡುವ ಅತ್ತೆಗೆ ಇದನ್ನು ಹೇಳಬೇಕಿತ್ತು. ‘ಮನಸ್ಸಿನ ಕಾಯಿಲೆ’ ಅಂದಾಗ ಮುಖ ಸಣ್ಣ ಮಾಡಿಕೊಂಡಿದ್ದವರು, ಉಪ್ಪು, ನೀರು, ಕಿಡ್ನಿ ಅಂದಾಗ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಅವರ ತಮ್ಮನಿಗೆ ಕಿಡ್ನಿ ತೊಂದರೆಯಿದೆ, ಆ ಭಾಷೆ ಗೊತ್ತು. ಕೊನೆಗೆ, ‘ನಿನ್ನ ಪಾಲಿನ ಏಕಾದಶಿನೂ ನಾನೇ ಮಾಡ್ತೀನಿ ಬಿಡು, ನೀನು ಮಜ್ಜಿಗೆ ಕುಡಿ’ ಅಂದರು. ಅದರ ಪುಣ್ಯ ಯಾರ ಖಾತೆಗೆ ಅಂತ ನಾನು ಕೇಳಲಿಲ್ಲ.

ಎಲ್ಲಕ್ಕಿಂತ ಬಿಗಿಯಾದದ್ದು ಗಂಡನ ಹತ್ತಿರದ ಇನ್ನೊಂದು ಮಾತು. ಗೊತ್ತಿರುವವರ ನಡುವೆ ಬದುಕುವುದಕ್ಕೂ ಒಂದು ಬೆಲೆ ಇದೆ: ಸಂತೋಷವೂ ಅನುಮಾನಕ್ಕೆ ಗುರಿ. ಜೋರಾಗಿ ನಕ್ಕರೆ ಒಂದು ನೋಟ, ದೀಪಾವಳಿಗೆ ರೇಷ್ಮೆ ಸೀರೆ ತಂದರೆ ಇನ್ನೊಂದು. ಒಮ್ಮೆ ಮನೆಸಾಲದ ವಿಷಯಕ್ಕೆ ಜಗಳವಾಡುತ್ತಿದ್ದೆವು. ಬಡ್ಡಿ ಲೆಕ್ಕದಲ್ಲಿ ನಾನು ಹೇಳಿದ್ದು ಸರಿಯಿತ್ತು. ಅವರು ಮಧ್ಯದಲ್ಲಿ, ‘ಮಾತ್ರೆ ತಗೊಂಡ್ಯಾ?’ ಅಂದರು. ಅಷ್ಟೇ. ನನ್ನ ವಾದವೆಲ್ಲ ಕಾಯಿಲೆಯ ಲಕ್ಷಣವಾಗಿಬಿಟ್ಟಿತು. ಬೈಗುಳ ತಿಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಸಿಟ್ಟು ಇಳಿದ ಮೇಲೆ ಕೂತು ಕರಾರು ಮಾಡಿಕೊಂಡೆವು. ಜಗಳಕ್ಕೆ ಜಗಳದಲ್ಲೇ ಉತ್ತರ ಕೊಡಬೇಕು, ಆಗ ಮಾತ್ರೆಯ ಸುದ್ದಿ ಎತ್ತುವಂತಿಲ್ಲ. ತಿಳಿಯಬೇಕಾದರೆ ವಾರದ ಮಾತ್ರೆ ಡಬ್ಬ ತೆರೆದು ನೋಡಬಹುದು. ಅನುಮಾನಕ್ಕೆ ನನ್ನ ಮುಖ, ನನ್ನ ನಗು ಆಧಾರವಲ್ಲ, ನಿದ್ದೆಯೇ ಆಧಾರ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮಲಗಿದ ಗಂಟೆಗಳನ್ನು ಬರೆಯುತ್ತೇನೆ. ಸತತ ಎರಡು ರಾತ್ರಿ ಐದಕ್ಕಿಂತ ಕಡಿಮೆಯಾದರೆ ಅವರು ಕ್ಯಾಲೆಂಡರ್ ತೋರಿಸಿ ಹೇಳಬಹುದು, ಆಗ ನಾನು ವಾದಿಸುವಂತಿಲ್ಲ. ಎಟಿಎಂ ಕಾರ್ಡ್ ಕೊಟ್ಟು, ಫೋನಿನಿಂದ ಯುಪಿಐ ತೆಗೆದು, ಡಾಕ್ಟರಿಗೆ ಫೋನ್ ಮಾಡಬೇಕು. ಏರು ಬರುವ ಮೊದಲು ನಿದ್ದೆ ಕಡಿಮೆಯಾಗುತ್ತದೆ, ಅದು ನನಗೆ ತಿಳಿಯುವಷ್ಟರಲ್ಲಿ ತಡವಾಗಿರುತ್ತದೆ. ಆ ಹೊತ್ತಿನಲ್ಲಿ ನನ್ನಷ್ಟು ಚೆನ್ನಾಗಿರುವವರು ಲೋಕದಲ್ಲೇ ಇಲ್ಲ ಅನ್ನಿಸುತ್ತಿರುತ್ತದೆ. ಅದಕ್ಕೇ ಈ ಮಾತೆಲ್ಲ ಮೊದಲೇ ಆಗಿರಬೇಕು.

ಏರಿದಾಗಿನವಳು, ಇಳಿದಾಗಿನವಳು, ಮಾತ್ರೆ ನುಂಗಿ ಆಫೀಸಿಗೆ ಹೋಗುವವಳು, ಇವರಲ್ಲಿ ನಾನು ಯಾರು ಅಂತ ಹಿಂದೆ ಬಹಳ ತಲೆ ಕೆಡಿಸಿಕೊಂಡಿದ್ದೆ. ಈಗ ಒಂದು ಒರಟು ನಿಯಮವಿದೆ: ಕೆಲವು ತಿಂಗಳು ನೆಟ್ಟಗೆ ನಿದ್ದೆ ಮಾಡಿದ ಮೇಲೂ ಉಳಿದದ್ದು ನನ್ನದು. ಏರಿನಲ್ಲಿ ಹೊಳೆದ ಯೋಜನೆಗಳಲ್ಲಿ ಅಡಿಕೆ ಹಾಳೆ ತಟ್ಟೆಯ ಕಾರ್ಖಾನೆ ಉಳಿಯಲಿಲ್ಲ. ಯಕ್ಷಗಾನ ಕಲಿಯುವ ಆಸೆ ಉಳಿಯಿತು, ಭಾನುವಾರ ತರಗತಿಗೆ ಹೋಗುತ್ತೇನೆ.

ಕಾಗದದ ಕೆಲಸವನ್ನೂ ಮುಗಿಸಿದೆವು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಅಡ್ವಾನ್ಸ್ ಡೈರೆಕ್ಟಿವ್ ಅಂತ ಇದೆ. ನಿರ್ಧಾರ ಮಾಡುವ ಸ್ಥಿತಿಯಲ್ಲಿ ನಾನಿಲ್ಲದಾಗ ಯಾವ ಚಿಕಿತ್ಸೆ ಆಗಬಹುದು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಮೊದಲೇ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರುವುದಿಲ್ಲ. ಹಿಂದೆ ಹ್ಯಾಲೊಪೆರಿಡಾಲ್ ಎಂಬ ಔಷಧಿ ಚುಚ್ಚಿದಾಗ ಕತ್ತು ಒಂದೇ ಕಡೆ ಸೆಟೆದುಕೊಂಡಿತ್ತು, ಅದು ಬೇಡ ಅಂತ ಬರೆದೆ. ಊಟ ನೀರು ಬಿಟ್ಟು ಮಲಗಿದರೆ ‘ಕರೆಂಟ್ ಚಿಕಿತ್ಸೆ’ಗೆ ನನ್ನ ಒಪ್ಪಿಗೆ ಇದೆ ಅಂತಲೂ ಬರೆದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಕೈಕಾಲು ಕಟ್ಟಿ ಕೊಡುವುದಲ್ಲ. ಅರಿವಳಿಕೆಯೂ ಸ್ನಾಯು ಸಡಿಲಿಸುವ ಔಷಧಿಯೂ ಇಲ್ಲದೆ ಕೊಡುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ನನ್ನ ಪ್ರತಿನಿಧಿಯಾಗಿ ಅಕ್ಕನ ಹೆಸರು ಹಾಕಿದ್ದಕ್ಕೆ ಗಂಡನಿಗೆ ಬೇಸರವಾಯಿತು. ‘ನೀವು ನನ್ನ ಏರು ನೋಡಿಲ್ಲ, ಅವಳು ನೋಡಿದ್ದಾಳೆ’ ಅಂದೆ. ಒಪ್ಪಿದರು, ಬೇಸರ ಪೂರ್ತಿ ಹೋಗಿಲ್ಲ.

ಆಫೀಸಿನಲ್ಲಿ ಕಾಯಿಲೆಯ ಹೆಸರು ಹೇಳಿಲ್ಲ. ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಸಲು ಎಲ್ಲರೂ ಮಧ್ಯರಾತ್ರಿವರೆಗೆ ಕೂರುವುದು ರೂಢಿ. ರಾತ್ರಿ ಎಂಟರ ಮೇಲೆ ಕೂರಲಾರೆ, ಬೇಕಾದರೆ ಬೆಳಗ್ಗೆ ಏಳಕ್ಕೇ ಬರುತ್ತೇನೆ ಅಂತ ಡಾಕ್ಟರ ಪತ್ರ ಕೊಟ್ಟೆ. ಸಾಕಾಯಿತು. ಎಲ್ಲ ಕಡೆ ಎಲ್ಲವನ್ನೂ ಹೇಳುವುದೇ ಪ್ರಾಮಾಣಿಕತೆ ಅಂತ ನನಗನ್ನಿಸುವುದಿಲ್ಲ. ಗೊತ್ತಿರುವ ಕೆಲವರು ‘ಗಟ್ಟಿಗಿತ್ತಿ’ ಅನ್ನುತ್ತಾರೆ. ಗಟ್ಟಿತನದ ಪಾಲು ಎಷ್ಟೋ, ಲಿಥಿಯಮ್ಮಿನ ಪಾಲು ಎಷ್ಟೋ. ಇಂಥದ್ದೇ ತೊಂದರೆಯ ಮಗನನ್ನು ಕರೆದುಕೊಂಡು ಗುಟ್ಟಾಗಿ ಕೇಳಲು ಬರುವ ನೆಂಟರಿಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ ಯಾವ ವಾರ ಅಂತ ವಿಚಾರಿಸಿ, ನೀವೂ ಜೊತೆಗೆ ಹೋಗಿ ಅನ್ನುತ್ತೇನೆ.

ಈಗ ನಡೆಯುತ್ತಿರುವ ಮಾತು ಬಾಣಂತನದ್ದು. ನಾವು ಮಗು ಬೇಕು ಅಂತಿದ್ದೇವೆ. ಬಸುರಿನಲ್ಲಿ ಲಿಥಿಯಂ ಮುಂದುವರಿಸುವುದೋ ಬೇಡವೋ ಅನ್ನುವುದನ್ನು ಮನೋವೈದ್ಯರೂ ಹೆರಿಗೆ ಡಾಕ್ಟರೂ ಸೇರಿ ನೋಡುತ್ತಿದ್ದಾರೆ. ಮಗುವಿನ ಹೃದಯದ ಮೇಲೆ ಸಣ್ಣ ಅಪಾಯವಿದೆ, ಬಿಟ್ಟರೆ ನನಗೆ ದೊಡ್ಡ ಅಪಾಯವಿದೆ. ಈ ಕಾಯಿಲೆ ಮರುಕಳಿಸುವ ಸಂಭವ ಹೆರಿಗೆಯಾದ ಮೊದಲ ವಾರಗಳಲ್ಲಿ ಬಹಳ ಹೆಚ್ಚು. ರಾತ್ರಿ ಮಗು ಎದ್ದರೆ ಡಬ್ಬಿ ಹಾಲು ಕೊಡುವ ಕೆಲಸ ಗಂಡನದು ಮತ್ತು ಅತ್ತೆಯದು, ಆರು ಗಂಟೆಯ ನಿದ್ದೆ ನನ್ನದು ಅಂತ ತೀರ್ಮಾನವಾಗಿದೆ. ಮೊಲೆಹಾಲಿಲ್ಲದ ಬಾಣಂತನವೇ ಅಂತ ಅಮ್ಮ ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಒಪ್ಪಿದಳು. ಬಾಣಂತಿಗೆ ಹೆಚ್ಚು ನೀರು ಕೊಡಬಾರದು, ಹೊಟ್ಟೆ ಬರುತ್ತದೆ ಅನ್ನುವುದನ್ನು ಮಾತ್ರ ಬಿಡುತ್ತಿಲ್ಲ. ಏಕಾದಶಿಯ ಕಥೆಯನ್ನು ಅತ್ತೆಯೇ ಫೋನಿನಲ್ಲಿ ಹೇಳಿ ನೋಡಿದರು. ‘ನಿಮ್ಮ ಮನೇಲಿ ನೀವು ಹೇಗಾದ್ರೂ ಮಾಡಿ, ಬಾಣಂತನ ನಮ್ಮ ಮನೇದು’ ಅಂದಳಂತೆ. ಮುಂದಿನ ತಪಾಸಣೆಗೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ನೀರಿನ ವಿಷಯ ಮೊದಲು ಎತ್ತಿ ಅಂತ ಡಾಕ್ಟರಿಗೆ ಹೇಳಿಟ್ಟಿದ್ದೇನೆ.