ಬಿಳಿ ನೊಣಕ್ಕೆ ಬೂಷ್ಟು ಹಿಡಿಸಿದ್ದು

ಟೊಮೆಟೊ ಎಲೆ ಮುಟುರು ರೋಗಕ್ಕೆ ಔಷಧಿ ಇಲ್ಲ. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವ ಬಿಳಿ ನೊಣಕ್ಕೆ ಮಾತ್ರ ಇದೆ. ಕೋಲಾರದ ಕಡೆ ಬೇಸಿಗೆ ಬೆಳೆ ಇಡುವ ಯಾರಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಹೊಸ ಕೀಟನಾಶಕ ಬಂದ ವರ್ಷ ನೊಣ ಸಾಯುತ್ತದೆ, ಬರಬರುತ್ತಾ ಅದಕ್ಕೂ ಜಗ್ಗುವುದಿಲ್ಲ. ಹಾಗಾಗಿ ನಾನು ಕೀಟಕ್ಕೆ ಬೂಷ್ಟು ಹಿಡಿಸಿ ಕೊಲ್ಲುವ ಲೆಕ್ಯಾನಿಸಿಲಿಯಂ ಶಿಲೀಂಧ್ರದ ಪುಡಿ ಹಿಡಿದೆ. ಅಂಗಡಿಯಲ್ಲಿ ಅದರ ಹಳೆಯ ಹೆಸರು ಹೇಳಿ ವರ್ಟಿಸಿಲಿಯಂ ಎಂದು ಕೇಳಿದರೆ ಬೇಗ ಸಿಗುತ್ತದೆ.

ಈ ಶಿಲೀಂಧ್ರ ಕೀಟದ ಹೊಟ್ಟೆ ಸೇರಬೇಕಿಲ್ಲ. ಬೀಜಕಣ ಮೈಗೆ ತಗುಲಿ, ಅಲ್ಲೇ ಮೊಳೆತು, ಚರ್ಮ ಕೊರೆದು ಒಳಗಿಳಿಯುತ್ತದೆ. ಕೀಟ ಸಾಯಲು ಹಲವು ದಿನ ಬೇಕು. ತೊಡಕು ಇರುವುದೇ ಇಲ್ಲಿ: ಮುಟುರು ರೋಗದ ನಂಜು (ವೈರಸ್) ಹೊತ್ತ ನೊಣ ಅರ್ಧ ಗಂಟೆ ರಸ ಹೀರಿದರೂ ರೋಗ ಅಂಟಿಸಬಲ್ಲದು. ಪಕ್ಕದ ಹೊಲದಿಂದ ಹಾರಿ ಬರುವ ನೊಣವನ್ನು ಈ ಪುಡಿ ತಡೆಯುವುದಿಲ್ಲ. ಅದಕ್ಕೆ ಹೊಲದ ಸುತ್ತ ಎರಡು ಮೂರು ಸಾಲು ಮೆಕ್ಕೆಜೋಳ, ನಡುವೆ ಹಳದಿ ಅಂಟು ಹಾಳೆ. ಪುಡಿಯ ಕೆಲಸವೆಲ್ಲ ನಮ್ಮ ಗಿಡದಲ್ಲೇ ಹುಟ್ಟಿ ಎಲೆಯಡಿ ಅಂಟಿ ಕುಳಿತ ಮರಿಗಳ ಮೇಲೆ.

ಆದ್ದರಿಂದ ಸಸಿಮಡಿಯಲ್ಲೂ ನಾಟಿಯ ನಂತರದ ಮೊದಲ ತಿಂಗಳಲ್ಲೂ ಬಿಟ್ಟರೆ ಬೇರೆ ಕಡೆ ಇದನ್ನು ಬಳಸುವುದಿಲ್ಲ. ಎಳೆ ಗಿಡಕ್ಕೆ ಮುಟುರು ಬಂದರೆ ಕಾಯಿಯ ಆಸೆ ಬಿಡಬೇಕು. ಕಾಯಿ ಕಚ್ಚಿದ ಮೇಲೆ ಬಂದರೆ ಅಷ್ಟು ನಷ್ಟವಿಲ್ಲ. ಅಲ್ಲದೆ ಬೀಜಕಣ ಮೊಳೆಯಲು ತೇವ ಬೇಕು. ನಮ್ಮ ಒಣ ಬೇಸಿಗೆಯಲ್ಲಿ ಆ ತೇವ ಸಿಗುವುದು ಬಲೆ ಕಟ್ಟಿದ ಸಸಿಮಡಿಯೊಳಗೆ ಮಾತ್ರ. ಹೊಲದಲ್ಲಾದರೆ ನೀರು ಬಿಟ್ಟ ದಿನ, ಹೊತ್ತು ಮುಳುಗುವಾಗ ಸಿಂಪಡಿಸುತ್ತೇನೆ. ಬಿಸಿಲಿಗೆ ಬೀಜಕಣ ಉಳಿಯುವುದಿಲ್ಲ.

ಲೀಟರ್ ನೀರಿಗೆ 5 ಗ್ರಾಂ ಪುಡಿ. ಅದರಲ್ಲಿ ಟಾಲ್ಕ್ (ನುಣುಪಾದ ಕಲ್ಲಿನ ಪುಡಿ) ಇರುವುದರಿಂದ ನೇರವಾಗಿ ಕ್ಯಾನಿಗೆ ಸುರಿದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ಕಲಸಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಪಂಚೆಯಲ್ಲಿ ಸೋಸಿ, ಅಂಟು ದ್ರಾವಣ ಸೇರಿಸಬೇಕು. ನಳಿಕೆಯ ಮೂತಿ ಮೇಲಕ್ಕೆ ತಿರುಗಿಸಿ ಎಲೆಯ ಅಡಿಭಾಗ ನೆನೆಸಬೇಕು. ಕೂಲಿಯವರಿಗೆ ಈ ಬಗ್ಗಿ ಹೊಡೆಯುವ ಕೆಲಸ ಇಷ್ಟವಿಲ್ಲ, ಅವರ ಸೊಂಟದ ಕಷ್ಟ ನನಗೂ ಗೊತ್ತು. ಆದರೆ ಮೇಲಿನಿಂದ ಹೊಡೆದರೆ ದುಡ್ಡು ದಂಡ. ವಾರದ ನಂತರ ಭೂತಗನ್ನಡಿ ಹಿಡಿದು ನೋಡಿ. ಬದುಕಿರುವ ಮರಿ ತೆಳು ಹಳದಿ, ಹೊಳಪಾಗಿರುತ್ತದೆ. ಸತ್ತದ್ದರ ಸುತ್ತ ಹತ್ತಿಯಂತೆ ಬಿಳಿ ಬೂಷ್ಟು ಎದ್ದಿರುತ್ತದೆ. ಆ ಬೂಷ್ಟು ಕಂಡರಷ್ಟೇ ಅದೇ ತಯಾರಿಕೆಯ ಪುಡಿಯನ್ನು ಮತ್ತೆ ತರುತ್ತೇನೆ. ತಯಾರಿಕೆಯ ತಾರೀಖು ನೋಡದೆ, ಬಿಸಿಲಿಗೆ ಇಟ್ಟ ಪೊಟ್ಟಣ ಕೊಂಡರೆ ಸಿಗುವುದು ಬರೀ ಟಾಲ್ಕ್.

ಅಂಗಮಾರಿ ರೋಗಕ್ಕೆ ಹೊಡೆಯುವ ಶಿಲೀಂಧ್ರನಾಶಕ ಮ್ಯಾಂಕೋಜೆಬ್ ಈ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎರಡನ್ನೂ ಬೆರೆಸುವ ಮಾತೇ ಇಲ್ಲ. ನಡುವೆ ಒಂದು ವಾರ ಬಿಡುತ್ತೇನೆ, ಕ್ಯಾನನ್ನೂ ಬೇರೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಶಿಲೀಂಧ್ರಕ್ಕೆ ಹದವಾದ ಹವೆಯೇ ಅಂಗಮಾರಿಗೂ ಹದ. ಆಗ ನಾನು ಅಂಗಮಾರಿಯ ಕಡೆಯೇ ಗಮನ ಕೊಡುತ್ತೇನೆ. ಆ ಕಾಲಕ್ಕೆ ಬಿಳಿ ನೊಣದ ಕಾಟವೂ ಕಡಿಮೆ.